ಹಸ್ತಪ್ರತಿಯೂ ಅದರ ದೂತರೂ

ಕವಿಯು ಕೊನೆಯ ಪಂಕ್ತಿಯನ್ನು ಬರೆದು ಲೇಖನಿಯನ್ನು ಕೆಳಗಿಟ್ಟೊಡನೆ ಕಾವ್ಯದ ಚರಿತ್ರೆಯು ಮುಗಿಯಿತೆಂದು ತಿಳಿಯುವುದು ನಮ್ಮಲ್ಲಿ ವಾಡಿಕೆಯಾಗಿರುವುದು. ಕವಿಯ ಕಾಲ, ದೇಶ, ಮತ, ಆಶ್ರಯದಾತ ಇವುಗಳ ವಿಷಯದಲ್ಲಿ ನಮ್ಮ ಪಂಡಿತರು ನಡೆಸಿರುವ ಚರ್ಚೆಗೆ ಮಿತಿಯಿಲ್ಲ. ಆದರೆ ಬರೆದ ಗ್ರಂಥವು ಕವಿಯ ಮನೆಯಿಂದ ಹೊರಟು ಓದುಗನ ಕೈಯನ್ನು ಸೇರಿದ ಬಗೆ ಹೇಗೆ, ದಾರಿಯಲ್ಲಿ ಅದನ್ನು ಹೊತ್ತವರು ಯಾರು, ಎಷ್ಟು ಬಾಗಿಲುಗಳಲ್ಲಿ ನಿಂತು ಅದು ಹಿಂದಿರುಗಿತು ಎಂಬುದನ್ನು ವಿಚಾರಿಸಿದವರು ವಿರಳ. ಇಂಗ್ಲೆಂಡು, ಅಮೆರಿಕ ದೇಶಗಳಲ್ಲಿ ಈ ಹೊರುವ ಕೆಲಸವೇ ಒಂದು ವೃತ್ತಿಯಾಗಿ, ಅದನ್ನು ನಡೆಯಿಸುವವರಿಗೆ ‘ಲಿಟರರಿ ಏಜೆಂಟ್’ ಎಂಬ ಹೆಸರು ಬಂದು, ಈಗ ಸುಮಾರು ನೂರೈವತ್ತು ವರ್ಷಗಳಾದುವು. ಈ ವೃತ್ತಿಯ ಹುಟ್ಟನ್ನೂ, ಅದು ನಮ್ಮ ಮೈಸೂರಿನ ಒಬ್ಬ ಲೇಖಕರ ಬಾಳಿನಲ್ಲಿ ಮಾಡಿದ ಉಪಕಾರವನ್ನೂ, ಕನ್ನಡದಲ್ಲಿ ಅದು ಬೇರೂರದೆ ಹೋದುದರ ಕಾರಣವನ್ನೂ ಯಥಾಮತಿಯಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಕವಿಯು ತನ್ನ ಕೃತಿಗೆ ತಾನೇ ದೂತನಾಗಬೇಕಾಗಿದ್ದಿತು. ಇದಕ್ಕೆ ಬಿಲ್ಹಣಕವಿಗಿಂತ ಒಳ್ಳೆಯ ನಿದರ್ಶನವು ದೊರೆಯದು. ಕಾಶ್ಮೀರದ ಖೋನಮುಖವೆಂಬ ಗ್ರಾಮದಲ್ಲಿ ಹುಟ್ಟಿದ ಈತನು ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಮನೆಯನ್ನು ಬಿಟ್ಟು ಮಥುರೆ, ಕನ್ಯಾಕುಬ್ಜ, ಪ್ರಯಾಗ, ಕಾಶಿಗಳನ್ನು ಸುತ್ತಿ, ಡಾಹಲದ ಕರ್ಣರಾಜನ ಆಸ್ಥಾನದಲ್ಲಿ ಕೆಲಕಾಲವಿದ್ದು, ಗುರ್ಜರದೇಶವನ್ನೂ ಸೋಮನಾಥವನ್ನೂ ಕಂಡು, ಕಡೆಗೆ ನಮ್ಮ ಕಲ್ಯಾಣಪುರಕ್ಕೆ ಬಂದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನಿಂದ ವಿದ್ಯಾಪತಿಯೆಂಬ ಪದವಿಯನ್ನು ಪಡೆದನು. ‘ವಿಕ್ರಮಾಂಕದೇವಚರಿತ’ದ ಹದಿನೆಂಟನೆಯ ಸರ್ಗದಲ್ಲಿ ಈ ಅಲೆದಾಟವೆಲ್ಲವೂ ವರ್ಣಿತವಾಗಿದೆ. ಧಾರಾನಗರದ ಭೋಜನನ್ನು ಕಾಣದೆ ಹೋದೆನೆಂಬ ಅವನ ಕೊರಗನ್ನೂ, ಗುರ್ಜರರ ಮೇಲಣ ಅವನ ಮುನಿಸನ್ನೂ ಓದುವಾಗ, ಆಸ್ಥಾನದಿಂದ ಆಸ್ಥಾನಕ್ಕೆ ತನ್ನ ವಿದ್ಯೆಯನ್ನು ಹೊತ್ತು ನಡೆದವನ ದಣಿವು ನಮಗೆ ತಿಳಿಯದಿರದು. ಆದರೆ ಬಿಲ್ಹಣನಿಗೆ ಒಂದು ಅನುಕೂಲವಿದ್ದಿತು. ಒಪ್ಪುವ ಅಥವಾ ಒಪ್ಪದ ಪ್ರಭುವಿನ ಮುಖವನ್ನು ಅವನು ಕಣ್ಣಾರೆ ಕಾಣಬಹುದಾಗಿದ್ದಿತು. ಬೇಡವೆಂದರೆ ಮರುದಿನವೇ ಮುಂದಿನ ಊರಿನ ದಾರಿಯನ್ನು ಹಿಡಿಯಬಹುದಾಗಿದ್ದಿತು.

ಮುದ್ರಣವು ಬಂದಮೇಲೆ ಪ್ರಭುವಿನ ಸ್ಥಾನದಲ್ಲಿ ಪ್ರಕಾಶಕನು ಕುಳಿತನು. ಇವನ ಮುಖವು ಲೇಖಕನಿಗೆ ಕಾಣದು. ಅಂಚೆಯಲ್ಲಿ ಗ್ರಂಥವನ್ನು ಕಳುಹಿಸಿ ಅಂಚೆಯವನ ದಾರಿಯನ್ನು ಕಾಯುವ ಹೊಸಬಗೆಯ ತಪಸ್ಸು ಆಗ ಹುಟ್ಟಿತು. ಆಂಗ್ಲ ಸಾಹಿತ್ಯದಲ್ಲಿ ಇಂದಿಗೂ ಮನೆಮನೆಯ ಮಾತಾಗಿರುವ ಜೇನ್ ಆಸ್ಟೆನ್ ಎಂಬಾಕೆಯ ವೃತ್ತಾಂತವು ಈ ತಪಸ್ಸಿನ ಮೊದಲ ಪಾಠವೆನ್ನಬಹುದು. 1797ರ ನವೆಂಬರಿನಲ್ಲಿ ಆಕೆಯ ತಂದೆ, ಹಳ್ಳಿಯೊಂದರ ಪಾದ್ರಿಯಾದ ಜಾರ್ಜ್ ಆಸ್ಟೆನ್, ಲಂಡನ್ನಿನ ಕ್ಯಾಡೆಲ್ ಎಂಬ ಪ್ರಕಾಶಕನಿಗೆ ಒಂದು ಪತ್ರವನ್ನು ಬರೆದನು. ತನ್ನಲ್ಲಿ ಮೂರು ಸಂಪುಟಗಳ ಕಾದಂಬರಿಯ ಹಸ್ತಪ್ರತಿಯೊಂದಿದೆ, ಅದು ‘ಎವೆಲಿನ’ ಎಂಬ ಪ್ರಸಿದ್ಧ ಕಾದಂಬರಿಯಷ್ಟು ಉದ್ದವಿದೆ, ನೋಡಲು ಇಷ್ಟವಿದ್ದರೆ ಕಳುಹಿಸುವೆನು ಎಂಬುದು ಅದರ ತಾತ್ಪರ್ಯ. ಮಗಳ ಹೆಸರನ್ನು ಅವನು ಎತ್ತಲಿಲ್ಲ. ಹಸ್ತಪ್ರತಿಯನ್ನು ನೋಡುವ ಗೋಜಿಗೂ ಹೋಗದೆ ಕ್ಯಾಡೆಲನು ಮರುಟಪಾಲಿನಲ್ಲಿಯೇ ಬೇಡವೆಂದನು. ಆ ಹಸ್ತಪ್ರತಿಯೇ ಮುಂದೆ ತಿದ್ದಲ್ಪಟ್ಟು 1813ರಲ್ಲಿ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಎಂಬ ಹೆಸರಿನಿಂದ ಹೊರಬಂದ ಕಾದಂಬರಿ.

ಇದಕ್ಕಿಂತಲೂ ಕಠಿನವಾದುದು ಆಕೆಯ ಇನ್ನೊಂದು ಕೃತಿಯ ಕಥೆ. ‘ಸೂಸನ್’ ಎಂಬ ಕಾದಂಬರಿಯನ್ನು 1803ರಲ್ಲಿ ಕ್ರಾಸ್ಬಿ ಎಂಬ ಪ್ರಕಾಶಕನು ಹತ್ತು ಪೌಂಡುಗಳಿಗೆ ಕೊಂಡುಕೊಂಡನು. ಕೊಂಡುದು ನಿಜ, ಅಚ್ಚುಮಾಡಲಿಲ್ಲ. ಆರು ವರ್ಷಗಳು ಕಳೆದಮೇಲೆ, 1809ರಲ್ಲಿ, ಆಕೆಯು ಕಲ್ಪಿತನಾಮದಿಂದ ಅವನಿಗೆ ಒಂದು ಪತ್ರವನ್ನು ಬರೆದು, ಪುಸ್ತಕವು ಕಳೆದುಹೋಗಿದ್ದರೆ ಇನ್ನೊಂದು ಪ್ರತಿಯನ್ನು ಕೊಡಬಲ್ಲೆನೆಂದೂ, ಉತ್ತರವು ಬಾರದಿದ್ದರೆ ಬೇರೆಯವರಿಂದ ಅಚ್ಚುಮಾಡಿಸುವೆನೆಂದೂ ತಿಳಿಸಿದಳು. ಆ ಕಲ್ಪಿತನಾಮದ ಮೊದಲಕ್ಷರಗಳು ಮೂರನ್ನು ಕೂಡಿಸಿದರೆ ಇಂಗ್ಲಿಷಿನಲ್ಲಿ ಹುಚ್ಚು, ಕೋಪ ಎರಡಕ್ಕೂ ಸಲ್ಲುವ ಮಾತಾಗುವುದು. ಇದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಬೇರೆಯವರು ಅಚ್ಚುಮಾಡಿದರೆ ತಡೆಯುವೆನೆಂದೂ, ಬೇಕಾದರೆ ಹತ್ತು ಪೌಂಡುಗಳನ್ನು ಕೊಟ್ಟು ಹಸ್ತಪ್ರತಿಯನ್ನು ಬಿಡಿಸಿಕೊಳ್ಳಬಹುದೆಂದೂ ಕ್ರಾಸ್ಬಿಯ ಉತ್ತರವು ಬಂದಿತು. 1816ರಲ್ಲಿ ಆಕೆಯ ಅಣ್ಣನಾದ ಹೆನ್ರಿಯು ಹಣವನ್ನು ತೆತ್ತು ಅದನ್ನು ಬಿಡಿಸಿ ತಂದನು. ಪುಸ್ತಕವು ‘ನಾರ್ತ್ಯಾಂಗರ್ ಆಬಿ’ ಎಂಬ ಹೆಸರಿನಿಂದ 1817ರ ಡಿಸೆಂಬರಿನಲ್ಲಿ ಹೊರಬಿದ್ದಿತು. ಆಕೆಯು ಅದೇ ವರ್ಷದ ಜುಲೈಯಲ್ಲಿ ತೀರಿಕೊಂಡಿದ್ದಳು. ಹದಿನಾಲ್ಕು ವರ್ಷಗಳ ನಿರೀಕ್ಷೆಯ ಫಲವನ್ನು ನಿರೀಕ್ಷಿಸಿದವಳೇ ನೋಡಲಿಲ್ಲ.

ಇಲ್ಲಿ ವಾಚಕಮಹಾಶಯರು ಗಮನಿಸಬೇಕಾದುದು ಒಂದುಂಟು. ತಂದೆಯೂ ಅಣ್ಣನೂ ಇಲ್ಲಿ ಮಾಡಿದುದು ಏಜೆಂಟನ ಕೆಲಸವೇ. ಕೃತಿಯ ಪರವಾಗಿ ಮಾತನಾಡುವುದು, ಬೆಲೆಯನ್ನು ಕುದುರಿಸುವುದು, ಲೇಖಕನ ಅಭಿಮಾನಕ್ಕೆ ಪೆಟ್ಟುಬೀಳದಂತೆ ನಡುವೆ ನಿಲ್ಲುವುದು, ಇವು ಮೊದಲು ಬಂಧುಗಳ ಕರ್ತವ್ಯವಾಗಿದ್ದು ಅನಂತರ ವೃತ್ತಿಯಾದುವು. ವೃತ್ತಿಯಾದುದಕ್ಕೆ ಕಾರಣವು ಹಣ. ಹಿಂದೆ ಪ್ರಕಾಶಕನು ಗ್ರಂಥಸ್ವಾಮ್ಯವನ್ನು ಒಂದೇ ಮೊತ್ತಕ್ಕೆ ಕೊಂಡುಬಿಡುತ್ತಿದ್ದನು. ಮಹಾಕವಿ ಮಿಲ್ಟನ್ನನು 1667ರಲ್ಲಿ ‘ಪ್ಯಾರಡೈಸ್ ಲಾಸ್ಟ್’ ಕಾವ್ಯಕ್ಕೆ ಕೈಗೆ ಪಡೆದುದು ಐದು ಪೌಂಡು, ಮೊದಲ ಮುದ್ರಣವು ತೀರಿದಮೇಲೆ ಮತ್ತೆ ಐದು. ಇಷ್ಟು ಸರಳವಾದ ವ್ಯವಹಾರಕ್ಕೆ ಮಧ್ಯಸ್ಥನು ಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯಾದರೋ ಒಂದು ಕಾದಂಬರಿಯು ಮೊದಲು ಮಾಸಪತ್ರಿಕೆಯಲ್ಲಿ ಕಂತುಕಂತಾಗಿ, ಬಳಿಕ ಪುಸ್ತಕವಾಗಿ, ವಸಾಹತುಗಳಿಗೆ ಅಗ್ಗದ ಮುದ್ರಣವಾಗಿ, ಅನ್ಯಭಾಷೆಗಳಿಗೆ ಅನುವಾದವಾಗಿ ಹೋಗತೊಡಗಿತು. 1886ರ ಬರ್ನ್ ಒಪ್ಪಂದವೂ, ಅನ್ಯದೇಶದ ಲೇಖಕರಿಗೆ ಅಮೆರಿಕದಲ್ಲಿ ಹಕ್ಕನ್ನು ಕೊಟ್ಟ 1891ರ ಶಾಸನವೂ ಬಂದಮೇಲೆ ಒಂದೊಂದು ಹಸ್ತಪ್ರತಿಯೂ ಹತ್ತು ಹೋಳಿನ ಹಲಸಿನ ಹಣ್ಣಾಯಿತು. ಹೋಳುಮಾಡಿ ಮಾರಬಲ್ಲವನು ಬೇಕಾದನು.

ಹೀಗೆ ಬಂದವನು ಅಲೆಗ್ಸಾಂಡರ್ ಪೊಲಾಕ್ ವಾಟ್ ಎಂಬ ಸ್ಕಾಟ್ಲೆಂಡಿನವನು. 1834ರಲ್ಲಿ ಹುಟ್ಟಿದ ಈತನು 1870ರ ದಶಕದಲ್ಲಿ ತನ್ನ ಸ್ನೇಹಿತನಾದ ಜಾರ್ಜ್ ಮ್ಯಾಕ್‌ಡೊನಾಲ್ಡ್ ಎಂಬ ಲೇಖಕನ ಕಥೆಗಳನ್ನು ಮಾರಿಕೊಟ್ಟನು. ಸ್ನೇಹಕ್ಕಾಗಿ ಮಾಡಿದುದನ್ನು ಬಳಿಕ ನೂರಕ್ಕೆ ಹತ್ತರ ಪಾಲಿಗೆ ಮಾಡತೊಡಗಿದನು. ವಾಲ್ಟರ್ ಬೆಸಂಟ್, ಕಿಪ್ಲಿಂಗ್, ಕಾನನ್ ಡಾಯ್ಲ್ ಮೊದಲಾದವರು ಅವನ ಕಕ್ಷಿದಾರರಾದರು. ಪ್ರಕಾಶಕರಿಗೆ ಇದು ಸಹಿಸಲಿಲ್ಲ. ವಿಲಿಯಂ ಹೈನ್‌ಮನ್ ಎಂಬ ಪ್ರಕಾಶಕನು 1890ರ ದಶಕದ ಮೊದಲಲ್ಲಿ ಪತ್ರಿಕೆಗಳಲ್ಲಿ ಏಜೆಂಟರನ್ನು ಕಟುವಾಗಿ ಖಂಡಿಸಿದನು. ಲೇಖಕನಿಗೂ ಪ್ರಕಾಶಕನಿಗೂ ಇದ್ದ ಗೆಳೆತನದ ನಡುವೆ ಈ ಜನರು ಬಂದು ಸೇರಿದರೆಂಬುದು ಅವನ ಆಕ್ಷೇಪ. ಕ್ರಾಸ್ಬಿಯ ಗೆಳೆತನವನ್ನು ಕಂಡಿರುವ ನಮಗೆ ಈ ಆಕ್ಷೇಪವು ಹಾಸ್ಯಾಸ್ಪದವಾಗಿ ತೋರಿದರೆ ಆಶ್ಚರ್ಯವಿಲ್ಲ.

ವಾಟನ ಹಿಂದೆಯೇ 1896ರಲ್ಲಿ ಜೇಮ್ಸ್ ಪಿಂಕರ್ ಎಂಬವನು ಅಂಗಡಿಯನ್ನು ತೆರೆದನು. ವಾಟನು ಗೆದ್ದವರನ್ನು ಆರಿಸಿಕೊಂಡರೆ, ಪಿಂಕರನು ಗೆಲ್ಲಬಹುದಾದವರನ್ನೂ ಕೈಹಿಡಿದನು. ಪೋಲಿಷ್ ಮನೆತನದಲ್ಲಿ ಹುಟ್ಟಿ, ಹಡಗಿನಲ್ಲಿ ದುಡಿದು, ಪರಭಾಷೆಯಾದ ಇಂಗ್ಲಿಷಿನಲ್ಲಿ ಬರೆದ ಜೋಸೆಫ್ ಕಾನ್ರಾಡನಿಗೆ ಇವನು ಬರೆಯದ ಪುಸ್ತಕಗಳ ಮೇಲೆ ವರ್ಷಗಟ್ಟಲೆ ಮುಂಗಡವನ್ನು ಕೊಡುತ್ತಲೇ ಬಂದನು. ಸಾಲವು ಬೆಳೆಯಿತು, 1910ರ ಜನವರಿಯಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಸುಮಾರು ಎರಡು ವರ್ಷಗಳ ಕಾಲ ಸ್ನೇಹವು ಕೆಟ್ಟಿದ್ದಿತು. ಆದರೂ ಪಿಂಕರನು ಅವನನ್ನು ಬಿಡಲಿಲ್ಲ. ಅನಂತರ ‘ಚಾನ್ಸ್’ ಎಂಬ ಕಾದಂಬರಿಯು ಚೆನ್ನಾಗಿ ಮಾರಿ ಕಾನ್ರಾಡನ ದಾರಿದ್ರ್ಯವು ಹರಿಯಿತು. ಕಾಯುವುದು ಲೇಖಕನೊಬ್ಬನದೇ ಕರ್ಮವಲ್ಲ, ಒಳ್ಳೆಯ ಏಜೆಂಟನೂ ಅವನೊಡನೆ, ಅವನಿಗಿಂತ ಹೆಚ್ಚಾಗಿ ತನ್ನ ಹಣವನ್ನಿಟ್ಟು, ಕಾಯುವನು.

ಈ ಜನರಿಗೆ ಕನ್ನಡದಲ್ಲಿ ಏನೆಂದು ಹೆಸರಿಡಬೇಕು? ದಲ್ಲಾಳಿಯೆಂದರೆ ಅಡಕೆಯ ಮಂಡಿಯ ನೆನಪು ಬರುವುದು. ವಕೀಲನೆಂದರೆ ಕೋರ್ಟಿನ ವಾಸನೆ. ನನಗೆ ಕೌಟಿಲ್ಯನ ‘ದೂತ’ ಶಬ್ದವೇ ಸರಿಯೆಂದು ತೋರುವುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದ ಅರ್ಥಶಾಸ್ತ್ರದಲ್ಲಿ ದೂತರು ಮೂರು ಬಗೆ. ಸಮಯವರಿತು ತಾನೇ ಕಾರ್ಯವನ್ನು ನಿರ್ಣಯಿಸಬಲ್ಲವನು ನಿಸೃಷ್ಟಾರ್ಥ. ಗೊತ್ತಾದ ಎಲ್ಲೆಯೊಳಗೆ ಮಾತನಾಡುವವನು ಪರಿಮಿತಾರ್ಥ. ಕೊಟ್ಟ ಓಲೆಯನ್ನು ಮುಟ್ಟಿಸಿ ಬರುವವನು ಶಾಸನಹರ. ವಾಟ್, ಪಿಂಕರರು ನಿಸೃಷ್ಟಾರ್ಥರು. ಶಾಸನಹರನಾಗಿ ಹೊರಟು, ಕೊಟ್ಟ ಶಾಸನವನ್ನು ಮೀರಿ, ನಿಸೃಷ್ಟಾರ್ಥನಿಗಿಂತಲೂ ಹೆಚ್ಚಿನದನ್ನು ಸಾಧಿಸಿದ ಒಬ್ಬ ದೂತನ ಕಥೆಯು ನಮ್ಮ ಮೈಸೂರಿಗೇ ಸೇರಿದುದು.

ಆರ್. ಕೆ. ನಾರಾಯಣರು 1906ರಲ್ಲಿ ಮದರಾಸಿನಲ್ಲಿ ಹುಟ್ಟಿದರು. ತಂದೆಯವರು ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ನಾರಾಯಣರು 1930ರಲ್ಲಿ ಮಹಾರಾಜಾ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದು, ಚನ್ನಪಟ್ಟಣದ ಶಾಲೆಯಲ್ಲಿ ಉಪಾಧ್ಯಾಯರಾಗಿ ಸೇರಿ, ಅಲ್ಪಕಾಲದಲ್ಲಿಯೇ ಅದನ್ನು ಬಿಟ್ಟುಬಂದರು. ಮೂವತ್ತು ವರ್ಷಗಳ ಕಾಲ ಆ ವೃತ್ತಿಯಲ್ಲಿದ್ದ ನಾನು ಅವರನ್ನು ದೂರಲಾರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅಜ್ಜಿಯು ಗೊತ್ತುಮಾಡಿಕೊಟ್ಟ ಒಂದು ಶುಭದಿನ, ಬೆಂಗಳೂರಿನಲ್ಲಿ ಒಂದು ನೋಟುಪುಸ್ತಕವನ್ನು ಕೊಂಡು ಮಾಲ್ಗುಡಿಯೆಂಬ ಕಲ್ಪಿತಪುರದ ಮೊದಲ ಪಂಕ್ತಿಯನ್ನು ಬರೆದರು. ಬರೆದು ಮುಗಿಸಿದುದು ಸಣ್ಣ ಕೆಲಸವಾಗಿದ್ದಿತು. ದೊಡ್ಡ ಕೆಲಸವು ಆಮೇಲೆ ಬಂದಿತು.

ಆಗಿನ ಕಾಲದಲ್ಲಿ ಭಾರತದಲ್ಲಿ ಇಂಗ್ಲಿಷ್ ಕಾದಂಬರಿಗಳನ್ನು ಪ್ರಕಟಿಸುವವರು ಇರಲಿಲ್ಲವೆಂದೇ ಹೇಳಬೇಕು. ಹಸ್ತಪ್ರತಿಯು ಲಂಡನ್ನಿಗೆ ಹೋಗಬೇಕು. ತೂಕದ ಕಟ್ಟಾದುದರಿಂದ ಹಡಗಿನ ಟಪಾಲಿನಲ್ಲಿಯೇ ಹೋಗಬೇಕು. ಹೋಗಲು ಸುಮಾರು ಮೂರು ವಾರಗಳು, ಬರಲು ಸುಮಾರು ಮೂರು ವಾರಗಳು, ನಡುವೆ ಪ್ರಕಾಶಕನ ಮೇಜಿನ ಮೇಲೆ ಅದು ಮಲಗಿರುವ ಕಾಲವು ಬೇರೆ. ಜೊತೆಯಲ್ಲಿ ಹಿಂದಿರುಗುವ ಖರ್ಚಿನ ಅಂಚೆಚೀಟಿಯನ್ನೂ ಇಡಬೇಕು. ಲೇಖಕನು ತನ್ನ ಸೋಲಿನ ಪ್ರಯಾಣಕ್ಕೆ ತಾನೇ ಮುಂಗಡವಾಗಿ ಬಾಡಿಗೆಯನ್ನು ಕೊಟ್ಟಿಡುವ ಈ ಪದ್ಧತಿಯನ್ನು ಯಾವ ಮಹಾನುಭಾವನು ಕಂಡುಹಿಡಿದನೋ ತಿಳಿಯದು. ಹಸ್ತಪ್ರತಿಯು ಹಿಂದಿರುಗಿತು. ಮತ್ತೊಬ್ಬ ಪ್ರಕಾಶಕನಿಗೆ ಹೋಯಿತು, ಮತ್ತೆ ಹಿಂದಿರುಗಿತು. ಮನೆಯಲ್ಲಿ ಸಂಪಾದನೆಯಿಲ್ಲ, ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ವರದಿಗಾರರಾಗಿ ಪೇಟೆ, ಕೋರ್ಟು, ಪುರಸಭೆಗಳನ್ನು ಸುತ್ತಿ ಸುದ್ದಿಗಳನ್ನು ಕೂಡಿಹಾಕಿ ಕಳುಹಿಸುತ್ತಿದ್ದರು.

ಅವರ ಸ್ನೇಹಿತರಾದ ಕಿಟ್ಟು ಪೂರ್ಣ ಎಂಬವರು ಆಗ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗಮಾಡುತ್ತಿದ್ದರು. ಕೊನೆಯ ಪ್ರಕಾಶಕನಿಂದ ಹಿಂದಿರುಗಿದ ಹಸ್ತಪ್ರತಿಯು ಮೈಸೂರಿಗೆ ಬಾರದೆ ಅವರ ವಿಳಾಸಕ್ಕೆ ಹೋಗುವಂತೆ ನಾರಾಯಣರು ಏರ್ಪಡಿಸಿದ್ದರು. ಬೇಸತ್ತ ನಾರಾಯಣರು ಸ್ನೇಹಿತನಿಗೆ ಬರೆದ ಆಜ್ಞೆಯು ಇದು: ಹಸ್ತಪ್ರತಿಗೆ ಒಂದು ಕಲ್ಲನ್ನು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು. ಶಾಸನಹರನಾಗಿದ್ದರೆ ಪೂರ್ಣರು ಆಕ್ಸ್‌ಫರ್ಡಿನಲ್ಲಿ ಹರಿಯುವ ಆ ನದಿಯ ದಡಕ್ಕೆ ಹೋಗಿ ಬರಬೇಕಾಗಿದ್ದಿತು. ಅವರು ಹಾಗೆ ಮಾಡದೆ, ಕಾದಿರೆಂದು ನಾರಾಯಣರಿಗೆ ಬರೆದು, ಹಸ್ತಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಆ ಊರಿನಲ್ಲಿಯೇ ವಾಸವಾಗಿದ್ದ ಗ್ರಹಾಂ ಗ್ರೀನ್ ಎಂಬ ಯುವಲೇಖಕನ ಬಳಿಗೆ ಹೋದರು. ಗ್ರೀನನಿಗೆ ಆಗ ಮೂವತ್ತು ವರ್ಷಗಳ ಆಸುಪಾಸು; ಅವನೂ ಹೆಸರನ್ನು ಕಟ್ಟಿಕೊಳ್ಳುತ್ತಿದ್ದ ಕಾಲ. ಅವನು ಓದಿದನು, ಮೆಚ್ಚಿದನು, ಮೆಚ್ಚಿ ಸುಮ್ಮನೆ ಕೂಡಲಿಲ್ಲ. ಅವನ ಶಿಫಾರಸಿನಿಂದ ಹ್ಯಾಮಿಷ್ ಹ್ಯಾಮಿಲ್ಟನ್ ಎಂಬ ಲಂಡನ್ನಿನ ಪ್ರಕಾಶಕನು ಪುಸ್ತಕವನ್ನು ಒಪ್ಪಿಕೊಂಡನು. ಸುದ್ದಿಯು ತಂತಿಯ ಮೂಲಕ ಮೈಸೂರಿಗೆ ಬಂದಿತು. ನಾರಾಯಣಸ್ವಾಮಿ ಎಂಬ ಉದ್ದನೆಯ ಹೆಸರು ಇಂಗ್ಲಿಷರ ನಾಲಗೆಗೆ ಕಷ್ಟವೆಂದು ಅದನ್ನು ನಾರಾಯಣ್ ಎಂದು ಕಿರಿದುಮಾಡಿಸಿದವನೂ, ಪುಸ್ತಕಕ್ಕೆ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಹೆಸರನ್ನು ಸೂಚಿಸಿದವನೂ ಗ್ರೀನನೇ. 1935ರ ಅಕ್ಟೋಬರಿನಲ್ಲಿ ಪುಸ್ತಕವು ಹೊರಬಂದಿತು.

ಇಲ್ಲಿಗೆ ಕಥೆಯು ಮುಗಿಯಿತೆಂದು ಸಾಮಾನ್ಯವಾಗಿ ಹೇಳುವರು. ಇಲ್ಲಿ ಮುಗಿದಿದ್ದರೆ ನಾರಾಯಣರು ಒಂದೇ ಪುಸ್ತಕದ ಲೇಖಕರಾಗಿ ಉಳಿಯುತ್ತಿದ್ದರು. ವಿಮರ್ಶಕರು ಹೊಗಳಿದರು, ಓದುಗರು ಕೊಳ್ಳಲಿಲ್ಲ. ಹ್ಯಾಮಿಲ್ಟನನು ಎರಡನೆಯ ಕಾದಂಬರಿಯನ್ನು ನಿರಾಕರಿಸಿದನು. ಹೊಸ ಲೇಖಕನಿಗೆ ಮೊದಲ ನಿರಾಕರಣೆಗಿಂತ ಈ ಎರಡನೆಯದು ಹೆಚ್ಚು ಅಪಾಯಕರ. ಮೊದಲನೆಯದರಲ್ಲಿ ಅವನನ್ನು ಯಾರೂ ಅರಿಯರು. ಎರಡನೆಯದರಲ್ಲಿ ಮಾರದವನೆಂದು ಎಲ್ಲರೂ ಅರಿತಿರುವರು. ಈ ಸ್ಥಳದಲ್ಲಿ ಏಜೆಂಟನ ಪ್ರಯೋಜನವು ಕಾಣಬರುವುದು. ಗ್ರೀನನ ಏಜೆಂಟನಾಗಿದ್ದ ಡೇವಿಡ್ ಹೈಯಂ ಎಂಬವನು ನಾರಾಯಣರ ವ್ಯವಹಾರವನ್ನೂ ವಹಿಸಿಕೊಂಡಿದ್ದನು. ‘ದಿ ಬ್ಯಾಚಲರ್ ಆಫ್ ಆರ್ಟ್ಸ್’ 1937ರಲ್ಲಿ ನೆಲ್ಸನ್ ಸಂಸ್ಥೆಯಿಂದ, ಗ್ರೀನನ ಮುನ್ನುಡಿಯೊಡನೆ, ಹೊರಟಿತು. ‘ದಿ ಡಾರ್ಕ್ ರೂಮ್’ 1938ರಲ್ಲಿ ಮ್ಯಾಕ್‌ಮಿಲನ್ನಿನಿಂದ, ‘ದಿ ಇಂಗ್ಲಿಷ್ ಟೀಚರ್’ 1945ರಲ್ಲಿ ಐರ್ ಅಂಡ್ ಸ್ಪಾಟಿಸ್‌ವುಡ್ಡಿನಿಂದ, ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ 1952ರಲ್ಲಿ ಮೆಥ್ಯೂಯೆನ್ನಿನಿಂದ ಬಂದುವು. ಹದಿನೇಳು ವರ್ಷಗಳಲ್ಲಿ ಐದು ಮನೆಗಳು! ಬಾಡಿಗೆಯ ಮನೆಗಳನ್ನು ಬದಲಿಸುವ ಬಡ ಗೃಹಸ್ಥನಂತೆ ಆ ಕೃತಿಗಳು ಪ್ರಕಾಶಕನಿಂದ ಪ್ರಕಾಶಕನಿಗೆ ಹೋದುವು. ಬದಲಾಗದೆ ಉಳಿದುದು ಗ್ರೀನನ ಸ್ನೇಹ, ಹೈಯಮನ ದೂತ್ಯ. ಬಾಗಿಲನ್ನು ಮೊದಲು ತೆರೆದುದು ಸ್ನೇಹವೇ ಸರಿ. ಆದರೆ ಒಂದು ಬಾಗಿಲು ಮುಚ್ಚಿದಾಗ ಮುಂದಿನ ಬಾಗಿಲನ್ನು ತಟ್ಟಲು ಆ ಊರಿನಲ್ಲಿಯೇ, ಆ ವ್ಯಾಪಾರದಲ್ಲಿಯೇ ಇರುವವನೊಬ್ಬನು ಬೇಕು. ಆರು ಸಾವಿರ ಮೈಲಿಗಳ ಆಚೆ ಮೈಸೂರಿನಲ್ಲಿ ಕುಳಿತು ಅದನ್ನು ಮಾಡಲಾಗದು.

ನಡುವೆ ಎರಡನೆಯ ಮಹಾಯುದ್ಧವು ಬಂದು ಕಡಲ ದಾರಿಯು ಮುಚ್ಚಿದಂತಾದಾಗ ನಾರಾಯಣರು ಕೈಕಟ್ಟಿ ಕೂಡಲಿಲ್ಲ. 1941ರಲ್ಲಿ ಮೈಸೂರಿನಲ್ಲಿ ‘ಇಂಡಿಯನ್ ಥಾಟ್’ ಎಂಬ ಪತ್ರಿಕೆಯನ್ನು ತೆಗೆದರು. ಪತ್ರಿಕೆಯು ಬೇಗನೆ ನಿಂತಿತು, ಅದೇ ಹೆಸರಿನ ಪ್ರಕಾಶನವು ನಿಂತುಕೊಂಡಿತು. ಅಮೆರಿಕದಲ್ಲಿ ಅವರ ಕಾದಂಬರಿಗಳು ಮಿಷಿಗನ್ ಸ್ಟೇಟ್ ಕಾಲೇಜಿನ ಮುದ್ರಣಾಲಯದಿಂದ ಪ್ರಕಟವಾಗತೊಡಗಿದುದು 1953ರಲ್ಲಿ, ಮೊದಲ ಪುಸ್ತಕವಾದ ಹದಿನೆಂಟು ವರ್ಷಗಳ ಮೇಲೆ. ತಮ್ಮ ಮೊದಲ ಪುಸ್ತಕವನ್ನು ಉಳಿಸಿದ ಗ್ರೀನನನ್ನು ಅವರು ಕಣ್ಣಾರೆ ಕಂಡುದು 1956ರಲ್ಲಿ, ಲಂಡನ್ನಿನಲ್ಲಿ. ಇಪ್ಪತ್ತೊಂದು ವರ್ಷಗಳ ಸ್ನೇಹವು ಕಾಗದದ ಮೇಲೆಯೇ ನಡೆದಿದ್ದಿತು.

ನಾರಾಯಣರ ದುಃಖವು ಅವರೊಬ್ಬರದಾಗಿರಲಿಲ್ಲ. ಮುಲ್ಕ್ ರಾಜ್ ಆನಂದರ ‘ಅನ್‌ಟಚಬಲ್’ ಹತ್ತೊಂಬತ್ತು ಪ್ರಕಾಶಕರಿಂದ ನಿರಾಕೃತವಾಗಿ ಅದೇ 1935ರಲ್ಲಿ ಇ. ಎಂ. ಫಾರ್ಸ್ಟರನ ಮುನ್ನುಡಿಯ ಬಲದಿಂದ ಹೊರಬಂದಿತು. ನಮ್ಮ ಹಾಸನದಲ್ಲಿ ಹುಟ್ಟಿದ ರಾಜಾರಾಯರ ‘ಕಾಂತಪುರ’ವು ಲಂಡನ್ನಿನಲ್ಲಿ ಅಚ್ಚಾದುದು 1938ರಲ್ಲಿ.

ಇನ್ನು ಕನ್ನಡದ ಮಾತು. ನಮ್ಮಲ್ಲಿ ದೂತರಿಲ್ಲದ ಲೇಖಕನು ಪಟ್ಟ ಪಾಡನ್ನು ತಿಳಿಯಬೇಕಾದರೆ ಮುದ್ದಣನನ್ನು ನೆನೆಯಬೇಕು. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯನು. ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ‘ಕಾವ್ಯಮಂಜರಿ’ಯನ್ನು ನಡೆಸುತ್ತ ಹಳೆಯ ಓಲೆಗರಿಗಳ ಕಾವ್ಯಗಳನ್ನು ಹುಡುಕಿ ಹುಡುಕಿ ಅಚ್ಚುಮಾಡುತ್ತಿದ್ದರು. ಹಳೆಯದಕ್ಕೆ ಗೌರವವುಂಟು, ಇಂದಿನ ಬಡ ಉಪಾಧ್ಯಾಯನು ಬರೆದುದಕ್ಕೆ ಯಾರು ಕಿವಿಗೊಡುವರು? ಆದುದರಿಂದ ಅವನು ತನ್ನ ಕೃತಿಗಳನ್ನು ಪ್ರಾಚೀನಕೃತಿಗಳೆಂಬಂತೆ ಕಳುಹಿಸಿದನು. ‘ಅದ್ಭುತರಾಮಾಯಣ’ವು 1895ರಲ್ಲಿ ಅಚ್ಚಾಯಿತು. ‘ಶ್ರೀರಾಮಪಟ್ಟಾಭಿಷೇಕ’ವನ್ನು ಮಹಾಲಕ್ಷ್ಮಿಯೆಂಬ ಸ್ತ್ರೀಯ ಹೆಸರಿನಲ್ಲಿ ಕಳುಹಿಸಿದನು. ‘ರಾಮಾಶ್ವಮೇಧ’ವು 1899ರಿಂದ ‘ಕಾವ್ಯಕಲಾನಿಧಿ’ಯಲ್ಲಿ ಬರತೊಡಗಿತು. 1901ರ ಫೆಬ್ರವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ಅವನು ತೀರಿಕೊಂಡನು. ಈ ಕಾವ್ಯಗಳೆಲ್ಲಕ್ಕೂ ಆತನೇ ಕರ್ತೃವೆಂಬುದು ಲೋಕಕ್ಕೆ ಚೆನ್ನಾಗಿ ತಿಳಿದುದು ಅನಂತರ. ಸಂಪಾದಕರಲ್ಲಿ ದೋಷವನ್ನು ಹೇಳುವಂತಿಲ್ಲ. ಗುಣವನ್ನು ಕಂಡೇ ಅವರು ಅಚ್ಚುಮಾಡಿದರು. ಆದರೆ ಇವನು ನಮ್ಮವನು, ಇಂದಿನವನು, ಬಡವನು, ಇವನ ಕೈಹಿಡಿಯಿರಿ ಎಂದು ಉಡುಪಿಗೂ ಮೈಸೂರಿಗೂ ನಡುವೆ ಹೇಳುವವರು ಒಬ್ಬರಿದ್ದಿದ್ದರೆ! ಪಿಂಕರನಂತಹವನೊಬ್ಬನು ಘಟ್ಟವನ್ನು ಹತ್ತಿ ಇಳಿಯುತ್ತಿದ್ದಿದ್ದರೆ ನಮ್ಮ ಸಾಹಿತ್ಯವು ಇನ್ನೆಷ್ಟು ರಾಮಾಶ್ವಮೇಧಗಳನ್ನು ಕಾಣುತ್ತಿದ್ದಿತೋ ಎಂದು ನನಗೆ ಎಷ್ಟೋ ಸಲ ಅನಿಸಿರುವುದು.

ಅಂತಹವನು ಏಕೆ ಹುಟ್ಟಲಿಲ್ಲವೆಂಬುದಕ್ಕೆ ಉತ್ತರವು ಮೂರನೆಯ ತರಗತಿಯ ಲೆಕ್ಕದಲ್ಲಿದೆ. ಇನ್ನೂರು ರೂಪಾಯಿಗಳ ಪುಸ್ತಕವನ್ನು ಒಂದು ಸಾವಿರ ಪ್ರತಿ ಅಚ್ಚುಮಾಡಿ, ಎಲ್ಲವೂ ಮಾರಿಹೋಯಿತೆಂದು ಇಟ್ಟುಕೊಳ್ಳೋಣ. ಲೇಖಕನ ಗೌರವಧನವು ನೂರಕ್ಕೆ ಹತ್ತರಂತೆ ಇಪ್ಪತ್ತು ಸಾವಿರ ರೂಪಾಯಿ. ಅದರಲ್ಲಿ ಏಜೆಂಟನ ಪಾಲು ನೂರಕ್ಕೆ ಹದಿನೈದರಂತೆ ಮೂರು ಸಾವಿರ. ವರ್ಷಕ್ಕೆ ಇಪ್ಪತ್ತು ಲೇಖಕರಿದ್ದರೂ ಅವನು ಸಂಸಾರವನ್ನು ಸಾಗಿಸಲಾರನು. ಆದುದರಿಂದ ಕನ್ನಡದಲ್ಲಿ ಲೇಖಕನೇ ಪ್ರಕಾಶಕನಾದನು, ಮಾರಾಟಗಾರನೂ ಆದನು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದುದನ್ನು ಹಿರಿಯರು ಹೇಳುತ್ತಿದ್ದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ಇಟ್ಟುಕೊಂಡರು. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಕೂಡಿಸಿ ಪುಸ್ತಕಕ್ಕೆ ಮೊದಲೇ ಓದುಗರನ್ನು ಸಂಪಾದಿಸಿತು. ಇವೆಲ್ಲವೂ ಶ್ಲಾಘ್ಯವೇ. ಆದರೆ ಇವುಗಳಿಂದ ಕನ್ನಡದ ಕೃತಿಯು ಕನ್ನಡದ ಎಲ್ಲೆಯನ್ನು ದಾಟಲಿಲ್ಲ.

ಈಚೆಗೆ ಆ ಎಲ್ಲೆಯೂ ಸಡಲಿದೆ. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಎಂಬ ಸಂಪುಟಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯು ದೊರೆತುದನ್ನು ಎಲ್ಲರೂ ಬಲ್ಲರು. ಅದನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದುದು ‘ಅಂಡ್ ಅದರ್ ಸ್ಟೋರೀಸ್’ ಎಂಬ ಒಂದು ಸಣ್ಣ ಸಂಸ್ಥೆ. ಇದನ್ನು ಕಂಡು ನಮ್ಮ ಯುವಕರಲ್ಲಿ ಅನೇಕರು ತಮ್ಮ ಕೃತಿಗಳನ್ನು ಇಂಗ್ಲಿಷಿಗೆ ತಿರುಗಿಸಿ ಪರದೇಶದ ಏಜೆಂಟರಿಗೆ ಕಳುಹಿಸತೊಡಗಿರುವರು. ಅವರಿಗೆ ಉಪಯೋಗವಾಗಲೆಂದು ಈಗಿನ ಪದ್ಧತಿಯನ್ನು ಸ್ವಲ್ಪ ವಿವರಿಸುವೆನು.

ಈಗ ಹಡಗಿಲ್ಲ, ಕಟ್ಟಿಲ್ಲ, ಅಂಚೆಚೀಟಿಯಿಲ್ಲ. ಎಲ್ಲವೂ ಗಣಕಯಂತ್ರದ ಅಂಚೆಯಲ್ಲಿ ಕ್ಷಣಾರ್ಧದಲ್ಲಿ ಹೋಗುವುದು. ಒಂದು ಪುಟದ ವಿಜ್ಞಾಪನಾಪತ್ರ, ಕಥೆಯ ಸಾರಾಂಶ, ಮೊದಲ ಮೂರು ಅಧ್ಯಾಯಗಳು, ಇಷ್ಟನ್ನು ಸಾಮಾನ್ಯವಾಗಿ ಕೇಳುವರು. ನಿಮ್ಮ ಪುಸ್ತಕವು ಪ್ರಸಿದ್ಧವಾದ ಯಾವ ಪುಸ್ತಕವನ್ನು ಹೋಲುವುದೆಂದೂ ಕೇಳುವರು. ‘ಎವೆಲಿನ’ಯನ್ನು ಹೆಸರಿಸಿದ ಜಾರ್ಜ್ ಆಸ್ಟೆನ್ನನಿಗೆ ಈ ಉಪಾಯವು ಇನ್ನೂರು ವರ್ಷಗಳ ಹಿಂದೆಯೇ ಹೊಳೆದಿದ್ದಿತು. ವಾಟನ ಕಾಲದ ನೂರಕ್ಕೆ ಹತ್ತು ಈಗ ಸ್ವದೇಶದ ಮಾರಾಟಕ್ಕೆ ಹದಿನೈದೂ, ಪರದೇಶದ ಹಕ್ಕುಗಳಿಗೆ ಇಪ್ಪತ್ತೂ ಆಗಿರುವುದು. ಪುಸ್ತಕವು ಮಾರಿದರೆ ಮಾತ್ರ ಈ ಪಾಲು. ಓದಿನೋಡುವುದಕ್ಕೆಂದು ಮೊದಲೇ ಶುಲ್ಕವನ್ನು ಕೇಳುವವನು ಈ ವೃತ್ತಿಯ ಮರ್ಯಾದೆಯನ್ನು ಬಲ್ಲವನಲ್ಲ. ಅವನಿಗೆ ಒಂದು ಕಾಸನ್ನೂ ಕೊಡಬಾರದು.

ಕಷ್ಟವಿರುವುದು ಉತ್ತರದ ವಿಷಯದಲ್ಲಿ. ಇಂತಿಷ್ಟು ವಾರಗಳೊಳಗೆ ಉತ್ತರವು ಬಾರದಿದ್ದರೆ ಬೇಡವೆಂದೇ ತಿಳಿಯತಕ್ಕದ್ದೆಂದು ಅನೇಕ ಏಜೆಂಟರು ಮೊದಲೇ ಪ್ರಕಟಿಸಿಬಿಡುವರು. ದಿನವೂ ಬರುವ ಹಸ್ತಪ್ರತಿಗಳ ಪ್ರವಾಹದಲ್ಲಿ ಪ್ರತಿಯೊಬ್ಬರಿಗೂ ಬರೆಯಲು ಸಾಧ್ಯವಿಲ್ಲವೆಂಬ ಅವರ ಸಮಾಧಾನವು ಸುಳ್ಳಲ್ಲ. ಆದರೂ ಕ್ಯಾಡೆಲನು ಓದದೆಯೇ ಬೇಡವೆಂದವನಾದರೂ ಮರುಟಪಾಲಿನಲ್ಲಿ ಬೇಡವೆಂದನು. ನಿರಾಕರಣೆಯೂ ಒಂದು ಉತ್ತರ. ಅದನ್ನು ಓದಿ ಮುಂದಿನ ದಾರಿಯನ್ನು ಹಿಡಿಯಬಹುದು. ಮೌನಕ್ಕೆ ಮಾತ್ರ ಕೊನೆಯ ದಿನವೆಂಬುದಿಲ್ಲ; ಗೊತ್ತುಮಾಡಿದ ವಾರಗಳು ಕಳೆದಮೇಲೂ ಮನಸ್ಸು ಇನ್ನೊಂದು ದಿನ ನೋಡೋಣವೆನ್ನುವುದು.

ನನ್ನ ಹಳೆಯ ಶಿಷ್ಯನೊಬ್ಬನು ತನ್ನ ಕಾದಂಬರಿಯನ್ನು ತಾನೇ ಇಂಗ್ಲಿಷಿಗೆ ತಿರುಗಿಸಿ ಹನ್ನೊಂದು ಮಂದಿ ಏಜೆಂಟರಿಗೆ ಕಳುಹಿಸಿದನು. ಮೂವರು ವಿನಯದಿಂದ ಬೇಡವೆಂದರು. ಎಂಟು ಮಂದಿಯಿಂದ ಎಂಟು ತಿಂಗಳಾದರೂ ಸುದ್ದಿಯಿಲ್ಲ. “ಮೇಷ್ಟ್ರೇ, ಅವರು ಓದಿ ಬಿಟ್ಟರೋ ಓದದೆ ಬಿಟ್ಟರೋ, ಅದಾದರೂ ತಿಳಿದರೆ ಸಾಕಾಗಿತ್ತು” ಎಂದನು. ನಾನು ಅವನಿಗೆ ಪೂರ್ಣರ ಕಥೆಯನ್ನು ಹೇಳಿದೆನು. “ಆಕ್ಸ್‌ಫರ್ಡಿನಲ್ಲಿ ನನಗೆ ಯಾರಿದ್ದಾರೆ, ಮೇಷ್ಟ್ರೇ?” ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮೂರು ಅಧ್ಯಾಯಗಳನ್ನು ನನ್ನ ಮುಂದೆ ಓದೆಂದೆನು. ಓದಿದನು. ಮೊದಲ ಅಧ್ಯಾಯದಲ್ಲಿ ಹನ್ನೆರಡು ಪುಟಗಳ ಊರಿನ ವರ್ಣನೆಯಿದ್ದಿತು. ಕಾವ್ಯಲಕ್ಷಣದ ಪ್ರಕಾರ ಅಷ್ಟಾದಶ ವರ್ಣನೆಗಳು ಬೇಕೆಂದು ಪಾಠಹೇಳಿದವನು ನಾನೇ ಆದರೂ, ಅದರಲ್ಲಿ ಹತ್ತು ಪುಟಗಳನ್ನು ತೆಗೆಯೆಂದೆನು. ಸಂಬಂಧವಿಲ್ಲದ ಹನ್ನೊಂದು ಮಂದಿಗೆ ಒಂದೇ ಪತ್ರವನ್ನು ಕಳುಹಿಸಿದ್ದನು. ಅನುವಾದಗಳನ್ನು ನಿಜವಾಗಿ ಮಾರಿಸಿರುವ ನಾಲ್ವರ ಹೆಸರುಗಳನ್ನು ಅವರ ಪುಸ್ತಕಗಳನ್ನು ನೋಡಿ ಇಬ್ಬರೂ ಕೂಡಿ ಆರಿಸಿದೆವು. ವಿಜ್ಞಾಪನಾಪತ್ರವನ್ನು ಹೊಸದಾಗಿ ಬರೆದು ತರುವೆನೆಂದು ಹೋಗಿರುವನು. ಮುನ್ನೂರು ಪುಟಗಳನ್ನು ಎರಡು ವರ್ಷಗಳಲ್ಲಿ ಬರೆದವನಿಗೆ ಈ ಒಂದು ಪುಟವು ಮೂರು ವಾರಗಳಾದರೂ ಮುಗಿದಿಲ್ಲ. ಮೊನ್ನೆ ಸಂತೆಯಲ್ಲಿ ಸಿಕ್ಕಿದಾಗ ಎರಡನೆಯ ವಾಕ್ಯದಲ್ಲಿ ನಿಂತಿರುವೆನೆಂದು ಹೇಳಿದನು.